ಬೇಕಲ ಕೋಟೆಯ ಮ್ಯಾಪ್ ಮುಂದಿಟ್ಟುಕೊಂಡು ನೆಟ್‌ರೇಡಿಯಂಟ್ ದುರಸ್ತಿ

ಕ್ಸೊನಾಟಿಕ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟಕ್ಕೆ ಮ್ಯಾಪ್ (ಆಟ ನಡೆಯುವ ಮೂರು ಆಯಾಮದ ಜಾಗ) ಕಟ್ಟುವವರ ಕೈಯಲ್ಲಿರುವ ಎಡಿಟರ್ ನೆಟ್‌ರೇಡಿಯಂಟ್. ಇದರ ಬೇರು ಐಡಿ ಸಾಫ್ಟ್‌ವೇರ್‌ನ ಕ್ವೇಕ್ ಕಾಲದ್ದು. ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿದ್ದ ರೇಡಿಯಂಟ್ ಮುಂದೆ ಕಿಟಕಿ, ಮೆನು, ಗುಂಡಿಗಳನ್ನು ಒದಗಿಸುವ ಜಿಟಿಕೆ ಲೈಬ್ರರಿಗೆ ಬಂದು ಜಿಟಿಕೆ‌ರೇಡಿಯಂಟ್ ಆಯಿತು, 2006ರಲ್ಲಿ ಅದರ ಕೋಡ್ ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿಗೆ ಸೇರಿತು. ಆ ಮರದ ಕವಲೇ ನೆಟ್‌ರೇಡಿಯಂಟ್. ಇದರ ಒಂದು ಪ್ರತಿಯನ್ನು ಇಳಿಸಿಕೊಂಡು ಕಾಸರಗೋಡಿನಲ್ಲಿ ಕುಳಿತು ಜಿಟಿಕೆ 2ರಿಂದ ಜಿಟಿಕೆ 3ಕ್ಕೆ ದಾಟಿಸಿದ ಕೆಲಸದ ವಿವರ ಇದು. ಇಂಥದೇ ಹಳೆಯ ಎಡಿಟರ್ ಕೋಡ್ ಹಿಡಿದು ಕೂತವರಿಗೆ ಉಪಯೋಗಕ್ಕೆ ಬರಲಿ ಎಂದು ಎಡವಿದ ಜಾಗಗಳನ್ನೇ ಹೆಚ್ಚು ಬರೆದಿದ್ದೇವೆ.

ದಾಟಿಸಲೇಬೇಕಾಗಿತ್ತು. ಜಿಟಿಕೆ 2ರ ಮೊದಲ ಆವೃತ್ತಿ 2002ರದ್ದು. 2020ರ ಡಿಸೆಂಬರಿನಲ್ಲಿ ಜಿಟಿಕೆ 4 ಬಂದಾಗ ಜಿಟಿಕೆ 2ರ ನಿರ್ವಹಣೆ ನಿಂತಿತು. ಮೂರು ಆಯಾಮದ ಚಿತ್ರ ತೋರಿಸಲು ನೆಟ್‌ರೇಡಿಯಂಟ್ ನೆಚ್ಚಿಕೊಂಡಿದ್ದ ಜಿಟಿಕೆ‌ಜಿಎಲ್‌ಎಕ್ಸ್‌ಟ್ ಲೈಬ್ರರಿಗೆ ಜಿಟಿಕೆ 3ರ ಬಿಡುಗಡೆಯೇ ಇಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇರುವುದು ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಉಬುಂಟು ಆಧಾರಿತ ಗ್ನೂ ಲಿನಕ್ಸ್. ಉಬುಂಟು ಹೊಸದಾದಂತೆ ಹಳೆಯ ಲೈಬ್ರರಿಗಳು ಒಂದೊಂದೇ ಉದುರುತ್ತವೆ. ಇಂಟೆಲ್ ಚಿಪ್‌ನ ಸಾದಾ ಲ್ಯಾಪ್‌ಟಾಪ್ ಎದುರು ಕೂರುವ ಹುಡುಗ ಹುಡುಗಿಯರಿಗೆ ತೊಡಕಿಲ್ಲದೆ ಹಾಕಿಕೊಳ್ಳಲು ಬರುವ ಎಡಿಟರ್ ಆಗಬೇಕು ಎಂಬುದೇ ನಮ್ಮ ಗುರಿ.

ಪರೀಕ್ಷೆಗೆ ಒಂದು ಮ್ಯಾಪ್ ಬೇಕು, ಅದೂ ಎಲ್ಲ ಬಗೆಯ ಆಕಾರ ಇರುವಂಥದ್ದು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಬೇಕಲ ಕೋಟೆಯನ್ನೇ ಆರಿಸಿದೆವು. ಸಮುದ್ರದತ್ತ ದುಂಡಗೆ ತಿರುಗುವ ಗೋಡೆಗೆ ವಕ್ರ ಮೇಲ್ಮೈಗಳು ಬೇಕು, ಕೊತ್ತಳಗಳಿಗೆ ಬಹುಮುಖದ ಬ್ರಷ್‌ಗಳು (ಮ್ಯಾಪ್ ಕಟ್ಟುವ ಘನ ತುಂಡುಗಳು) ಬೇಕು, ನಡುವಿನ ವೀಕ್ಷಣಾ ಗೋಪುರಕ್ಕೆ ಹತ್ತುವ ಇಳಿಜಾರು ದಾರಿಗೆ ಓರೆ ಸಮತಲಗಳು ಬೇಕು. ಇದರಲ್ಲಿ ಇಳಿಜಾರು ಮುಖ್ಯ. ನೇರ ಗೋಡೆಯ ಅಂಕೆಗಳು ಪೂರ್ಣಾಂಕಗಳಾಗಿಯೇ ಉಳಿಯುತ್ತವೆ, ಓರೆ ಮುಖ ಬಂದಾಗ ದಶಮಾಂಶಗಳು ಬರುತ್ತವೆ, ಎಡಿಟರ್‌ನ ತಪ್ಪುಗಳು ಅಲ್ಲೇ ಅಡಗಿರುತ್ತವೆ.

ಕಿಟಕಿ, ಮೆನು ಮುಟ್ಟುವ ಮೊದಲು ಫೈಲ್‌ಗೆ ಕಾವಲು ಇಟ್ಟೆವು. ಈ ಎಡಿಟರ್ ಉಳಿಸುವ ಮ್ಯಾಪ್ ಫೈಲ್ ಬರೀ ಪಠ್ಯ. ಪ್ರತಿ ಬ್ರಷ್‌ನ ಪ್ರತಿ ಮುಖಕ್ಕೂ ಒಂದು ಸಾಲು: ಸಮತಲವನ್ನು ಹೇಳುವ ಮೂರು ಬಿಂದು, ಟೆಕ್ಸ್ಚರ್‌ನ (ಮುಖಕ್ಕೆ ಅಂಟಿಸುವ ಚಿತ್ರದ) ಹೆಸರು, ಅದನ್ನು ಎರಡು ದಿಕ್ಕಿಗೆ ಎಷ್ಟು ಸರಿಸಿದೆ, ಎಷ್ಟು ತಿರುಗಿಸಿದೆ, ಎರಡು ದಿಕ್ಕಿನ ಅಳತೆ, ಕೊನೆಗೆ ಮೂರು ಗುರುತು ಸಂಖ್ಯೆ. ಮ್ಯಾಪ್ ತೆರೆಯುವುದು, ಏನೂ ಮಾಡದೆ ಬೇರೆ ಹೆಸರಿನಲ್ಲಿ ಉಳಿಸುವುದು, ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಡಿಫ್ ಹಾಕುವುದು. ಒಂದು ಬೈಟು ವ್ಯತ್ಯಾಸ ಬಂದರೂ ಆ ಕಮಿಟ್ (ದಾಖಲಿಸಿದ ಬದಲಾವಣೆ) ಒಳಗೆ ಹೋಗಬಾರದು. ಪರದೆಯ ಮೇಲಿನ ದೋಷ ಕಣ್ಣಿಗೆ ಬೀಳುತ್ತದೆ, ಯಾರಾದರೂ ಹೇಳುತ್ತಾರೆ. ಫೈಲ್‌ನೊಳಗಿನ ದೋಷ ಮಾತ್ರ ಮ್ಯಾಪ್ ಕಟ್ಟಿದವರ ತಿಂಗಳುಗಟ್ಟಲೆ ದುಡಿಮೆಯನ್ನು ಸದ್ದಿಲ್ಲದೆ ತಿಂದುಹಾಕುತ್ತದೆ.

ಈ ಕಾವಲಿಗೆ ಒಂದು ತೂತು ಇತ್ತು. ನಮ್ಮ ಯಂತ್ರಗಳ ಭಾಷೆ ಕನ್ನಡ ಇಲ್ಲವೇ ಮಲಯಾಳ, ಎರಡರಲ್ಲೂ ದಶಮಾಂಶಕ್ಕೆ ಚುಕ್ಕಿಯೇ. ಜರ್ಮನ್ ವ್ಯವಸ್ಥೆಯಲ್ಲಿ ಅಲ್ಪವಿರಾಮ. ಜಿಟಿಕೆ ಶುರುವಾಗುವಾಗ ಬಳಕೆದಾರರ ಲೊಕೇಲನ್ನು, ಅಂದರೆ ಭಾಷೆ ಮತ್ತು ಅಂಕೆ ಬರೆಯುವ ರೀತಿಯನ್ನು, ತಾನೇ ಹಚ್ಚುತ್ತದೆ. ಹಚ್ಚಬೇಡ ಎಂದು ಹೇಳುವ ಕರೆ ಜಿಟಿಕೆ ಶುರುವಾಗುವ ಕರೆಗಿಂತ ಮೊದಲೇ ಇರಬೇಕು. ಮುಖ್ಯ ಫಂಕ್ಷನ್ ಅಚ್ಚುಕಟ್ಟು ಮಾಡುವಾಗ ನಾವು ಆ ಎರಡು ಸಾಲುಗಳನ್ನು ಹಿಂದುಮುಂದು ಮಾಡಿದ್ದೆವು. ನಮ್ಮಲ್ಲಿ ಡಿಫ್ ಶುದ್ಧ. ಲೊಕೇಲ್ ಜರ್ಮನ್‌ಗೆ ಬದಲಿಸಿ ಓಡಿಸಿದರೆ ಟೆಕ್ಸ್ಚರ್ ಅಳತೆಯ 0.5 ಎಂಬುದು ಚುಕ್ಕಿಯಲ್ಲೇ ನಿಂತು ಸೊನ್ನೆಯಾಗಿ ಓದಲ್ಪಡುತ್ತಿತ್ತು, ಉಳಿಸುವಾಗ ಅಂಕೆಗಳ ನಡುವೆ ಅಲ್ಪವಿರಾಮ. ಅಂದಿನಿಂದ ಡಿಫ್ ಪರೀಕ್ಷೆಯನ್ನು ಕನ್ನಡ, ಜರ್ಮನ್ ಎರಡೂ ಲೊಕೇಲ್‌ನಲ್ಲಿ ಓಡಿಸುತ್ತೇವೆ. ಊರಿನಲ್ಲಿ ಕಾಣದ ದೋಷವನ್ನು ಹುಡುಕಿಕೊಂಡೇ ಹೋಗಬೇಕು.

ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು) ಬಗ್ಗೆ ಎರಡು ಮಾತು. ನೆಟ್ ನಿಧಾನವೆಂದು, ಕೋಡ್‌ನ ಇತಿಹಾಸ ಕಾಯುವ ಗಿಟ್‌ನಲ್ಲಿ ಕೊನೆಯ ಕಮಿಟ್ ಮಾತ್ರ ಇಳಿಸಿಕೊಳ್ಳುವ ಆಸೆ ಬೇಡ. ದೋಷ ಯಾವಾಗ ನುಸುಳಿತು ಎಂದು ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹುಡುಕಲು (ಬೈಸೆಕ್ಟ್) ಪೂರ್ತಿ ಇತಿಹಾಸ ಬೇಕು, ಸಾವಿರ ಕಮಿಟ್‌ಗಳಿದ್ದರೂ ಹತ್ತು ಸಲ ಬಿಲ್ಡ್ ಮಾಡಿದರೆ ಅಪರಾಧಿ ಸಿಗುತ್ತದೆ. ಒಮ್ಮೆ ಕಂಪೈಲ್ ಆದದ್ದನ್ನು ನೆನಪಿಟ್ಟುಕೊಳ್ಳುವ ಸಿಕ್ಯಾಶ್ ಹಾಕಿಕೊಂಡರೆ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೂ ಮೊದಲಿನಿಂದ ಶುರುಮಾಡಬೇಕಿಲ್ಲ. ಹೊಸ ಕಂಪೈಲರ್ ಎತ್ತುವ ತಕರಾರುಗಳಲ್ಲಿ ಹೆಚ್ಚಿನವು ಸುಲಭದವು. ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯಿಂದ, ಒಂದೇ ಗ್ಲೋಬಲ್ ವೇರಿಯಬಲ್ಲನ್ನು ಹೆಡರ್‌ನಲ್ಲಿ ಬರೆದು ನಾಲ್ಕು ಸಿ ಫೈಲ್‌ಗೆ ಸೇರಿಸಿದರೆ ಲಿಂಕರ್ ಒಪ್ಪುವುದಿಲ್ಲ, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಹಾಕಿ ಒಂದೇ ಕಡೆ ನಿಜವಾದ ಘೋಷಣೆ ಇಡಬೇಕು. ಮೋಸ ಮಾಡುವುದು ಇನ್ನೊಂದು: ಮೆಂಬರ್ ಫಂಕ್ಷನ್ನಿನೊಳಗೆ ‘ದಿಸ್’ ಪಾಯಿಂಟರ್ ಸೊನ್ನೆಯೇ ಎಂದು ಕೇಳುವ ಹಳೆಯ ಅಭ್ಯಾಸ. ಜಿಸಿಸಿ 6ರಿಂದ ಈಚೆಗೆ ಕಂಪೈಲರ್ ‘ಅದು ಸೊನ್ನೆಯಾಗಲು ಸಾಧ್ಯವಿಲ್ಲ’ ಎಂದುಕೊಂಡು ಆ ಪ್ರಶ್ನೆಯನ್ನೇ ಕಿತ್ತುಹಾಕುತ್ತದೆ. ಡಿಬಗ್ ಬಿಲ್ಡ್‌ನಲ್ಲಿ ಎಲ್ಲ ಸರಿ, ಬಿಡುಗಡೆಯ ಬಿಲ್ಡ್‌ನಲ್ಲಿ ಕುಸಿತ. ಪ್ರಶ್ನೆಯನ್ನು ಕರೆಯುವವರ ಕಡೆಗೆ ಸಾಗಿಸುವುದೇ ಪರಿಹಾರ.

ಜಿಟಿಕೆ 3ಕ್ಕೆ ಒಮ್ಮೆಲೇ ಜಿಗಿಯಬಾರದು. ಮೊದಲು ಜಿಟಿಕೆ 2.24ರಲ್ಲೇ ನಿಂತು, ಹಳತಾದ ಫಂಕ್ಷನ್‌ಗಳನ್ನು ಮುಚ್ಚುವ ಮತ್ತು ವಿಜೆಟ್‌ನ (ಪರದೆಯ ಮೇಲಿನ ಗುಂಡಿ, ಪಟ್ಟಿಯಂಥ ಒಂದು ತುಂಡಿನ) ಒಳಗಿನ ಸದಸ್ಯರಿಗೆ ಬೀಗ ಹಾಕುವ ಕಂಪೈಲರ್ ಗುರುತುಗಳನ್ನು ಹಾಕಬೇಕು. ಆಗ ನೂರಾರು ಕಡೆ ಕಂಪೈಲ್ ನಿಲ್ಲುತ್ತದೆ, ಆದರೆ ಒಂದೊಂದು ಫೈಲ್ ಸರಿಪಡಿಸಿದಂತೆ ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ಡಿಫ್ ಪರೀಕ್ಷೆಯೂ ನಡೆಯುತ್ತದೆ. ವಿಜೆಟ್‌ನ ಕಿಟಕಿಯನ್ನು ನೇರ ಕೈಹಾಕಿ ತೆಗೆಯುವ ಬದಲು ಕೇಳಿ ಪಡೆಯುವುದು, ಅಗಲ ಎತ್ತರವೂ ಹಾಗೆಯೇ. ಬೇಸರದ ಕೆಲಸ, ಆದರೆ ಅಪಾಯವಿಲ್ಲದ್ದು. ಒಂದು ಬಗೆಯ ಬದಲಾವಣೆಗೆ ಒಂದು ಕಮಿಟ್.

ಇಲ್ಲಿ ಅತಿ ಉತ್ಸಾಹ ಬೇಡ. ಟೇಬಲ್ ವಿಜೆಟ್ ಬಿಟ್ಟು ಗ್ರಿಡ್ ಹಾಕಲು ಹೋಗಿ ಆದ್ಯತೆಗಳ ಡೈಲಾಗ್ ಚೆಲ್ಲಾಪಿಲ್ಲಿಯಾಯಿತು. ಟೇಬಲ್ ಕೇಳುವುದು ಎಡ, ಬಲ, ಮೇಲೆ, ಕೆಳಗೆ ಎಂಬ ನಾಲ್ಕು ಗೆರೆಗಳನ್ನು. ಗ್ರಿಡ್ ಕೇಳುವುದು ಎಡ, ಮೇಲೆ, ಅಗಲ, ಎತ್ತರ. ಎರಡಕ್ಕೂ ನಾಲ್ಕು ಪೂರ್ಣಾಂಕ, ಹಾಗಾಗಿ ಕಂಪೈಲರ್ ಚಕಾರವೆತ್ತುವುದಿಲ್ಲ. ಟೇಬಲ್‌ನ 1, 2, 0, 1 ಗ್ರಿಡ್‌ನಲ್ಲಿ 1, 0, 1, 1 ಆಗಬೇಕು. ಅಸಲಿಗೆ ಟೇಬಲ್ ಜಿಟಿಕೆ 3ರಲ್ಲಿ ಹಳತೆಂದು ಗುರುತಾಗಿದೆಯೇ ಹೊರತು ತೆಗೆದುಹಾಕಿಲ್ಲ. ಹಾಗಾಗಿ ನಾವು ಹಿಂದಕ್ಕೆ ಬಂದು ಟೇಬಲ್‌ಗಳನ್ನು ಇದ್ದಂತೆಯೇ ಬಿಟ್ಟೆವು. ಕೆಡದದ್ದನ್ನು ಮುಟ್ಟದಿರುವ ಸಂಯಮ ಈ ಕೆಲಸದಲ್ಲಿ ಕೋಡ್ ಬರೆಯುವ ಜಾಣ್ಮೆಗಿಂತ ದೊಡ್ಡದು.

ಬಿಗಿಯಾದ ಗಂಟು ಮೂರು ಆಯಾಮದ ಚಿತ್ರ ಬಿಡಿಸುವ ಓಪನ್‌ಜಿಎಲ್‌ನದು. ಜಿಟಿಕೆ 3.16ರಲ್ಲಿ, ಅಂದರೆ 2015ರಲ್ಲಿ, ಜಿಎಲ್ ಏರಿಯಾ ಎಂಬ ವಿಜೆಟ್ ಬಂತು. ಹೆಸರು ಕೇಳಿದರೆ ಹಳೆಯದರ ಜಾಗಕ್ಕೆ ಹಾಗೇ ಕೂರುತ್ತದೆ ಅನಿಸುತ್ತದೆ, ಕೂರುವುದಿಲ್ಲ. ಮೊದಲ ಸಲ ಓಡಿಸಿದಾಗ ಪರದೆ ಕಪ್ಪು. ಜಿಎಲ್ ಏರಿಯಾ ಕೊಡುವುದು ಓಪನ್‌ಜಿಎಲ್ 3.2ರ ಕೋರ್ ಪ್ರೊಫೈಲ್, ಡಿಸ್‌ಪ್ಲೇ ಲಿಸ್ಟ್‌ನಂಥ ಹಳೆಯ ಕ್ರಮಗಳಿಗೆ ಅಲ್ಲಿ ಎಡೆಯಿಲ್ಲ. ಚಿತ್ರ ಬಿಡಿಸುವ ಕೋಡ್ ಪೂರ್ತಿ ತಿರುಗಿ ಬರೆಯುವವರೆಗೆ, ಜಿಟಿಕೆ ಶುರುವಾಗುವ ಮುನ್ನ ಅದರ ಜಿಎಲ್ ಎನ್ವಿರಾನ್ಮೆಂಟ್ ವೇರಿಯಬಲ್ಲನ್ನು ‘ಲೆಗಸಿ’ ಎಂದು ಇಟ್ಟೆವು. ಚಿತ್ರ ಬಂತು.

ಬಂದ ಚಿತ್ರ ವಿಚಿತ್ರವಾಗಿತ್ತು. ಕೋಟೆಯ ಹೊರಗೆ ನಿಂತರೆ ಹೊರಗೋಡೆಯ ಮೇಲೆಯೇ ಒಳಗಿನ ಗೋಪುರ ಕಾಣುತ್ತಿತ್ತು, ಕ್ಯಾಮೆರಾ ತಿರುಗಿಸಿದಂತೆ ದೂರದ ಕೊತ್ತಳ ಹತ್ತಿರದ್ದನ್ನು ಮುಚ್ಚುತ್ತಿತ್ತು. ಜಿಎಲ್ ಏರಿಯಾಕ್ಕೆ, ಯಾವುದು ಹತ್ತಿರ ಯಾವುದು ದೂರ ಎಂದು ನೆನಪಿಡುವ ಡೆಪ್ತ್ ಬಫರ್ ತಾನಾಗಿ ಬರುವುದಿಲ್ಲ, ಬೇಕು ಎಂದು ಕೇಳಬೇಕು. ಒಂದೇ ಸಾಲಿನ ಪರಿಹಾರ, ಆದರೆ ಅದಕ್ಕಿಂತ ಮುಂಚೆ ಬ್ರಷ್ ಮುಖಗಳ ಬಿಂದುಗಳು ಸುತ್ತುವ ದಿಕ್ಕು ತಪ್ಪಿರಬೇಕೆಂದು ಬ್ರಷ್ ಕೋಡನ್ನೆಲ್ಲ ಜಾಲಾಡುವುದು ಸುಲಭ. ಹಿಂದಿನದು ಮುಂದೆ ಕಂಡರೆ ಮೊದಲು ಡೆಪ್ತ್ ಬಫರ್ ಇದೆಯೇ ನೋಡಿ.

ಇನ್ನೊಂದು: ಜಿಎಲ್ ಏರಿಯಾ ತನ್ನದೇ ಫ್ರೇಮ್‌ಬಫರ್‌ಗೆ (ಚಿತ್ರ ಕೂಡಿಡುವ ಮೆಮೊರಿಗೆ) ಚಿತ್ರ ಬಿಡಿಸುತ್ತದೆ. ಕೋಡ್ ಎಲ್ಲಿಯಾದರೂ ಸೊನ್ನೆಯ ಫ್ರೇಮ್‌ಬಫರ್‌ಗೆ ಮರಳಿದರೆ ಅಲ್ಲಿಂದ ಮುಂದೆ ಬಿಡಿಸಿದ್ದು ಯಾರಿಗೂ ಕಾಣುವುದಿಲ್ಲ. ಹಾಗೆಯೇ ಹಳೆಯ ಕೋಡ್‌ನಲ್ಲಿ ಕ್ಯಾಮೆರಾ, ಮೂರು ದಿಕ್ಕಿನ ಗ್ರಿಡ್ ನೋಟಗಳು, ಟೆಕ್ಸ್ಚರ್ ಪಟ್ಟಿ ಎಲ್ಲವೂ ಟೆಕ್ಸ್ಚರ್‌ಗಳನ್ನು ಹಂಚಿಕೊಳ್ಳುತ್ತಿದ್ದವು. ಜಿಟಿಕೆ 3ರಲ್ಲಿ ಈ ಹಂಚಿಕೆ ಒಂದೇ ಮೇಲುಕಿಟಕಿಯೊಳಗೆ ನಡೆಯುತ್ತದೆ. ಬಿಡಿ ಕಿಟಕಿಗಳ ವಿನ್ಯಾಸ ಆರಿಸಿಕೊಂಡವರಿಗೆ ಟೆಕ್ಸ್ಚರ್ ಪಟ್ಟಿಯಲ್ಲಿ ಮುರಕಲ್ಲು ಸರಿಯಾಗಿ ಕೆಂಪಗಿದ್ದು, ಕ್ಯಾಮೆರಾದಲ್ಲಿ ಕೋಟೆ ಸುಣ್ಣ ಬಳಿದಂತೆ ಬೆಳ್ಳಗೆ. ಟೆಕ್ಸ್ಚರ್ ಪಟ್ಟಿಯನ್ನು ಮುಖ್ಯ ಕಿಟಕಿಯೊಳಕ್ಕೆ ತಂದು, ಬಿಡಿ ಕಿಟಕಿಗಳ ವಿನ್ಯಾಸವನ್ನು ಈ ಪ್ರತಿಯಲ್ಲಿ ಕೈಬಿಟ್ಟೆವು. ಆ ವಿನ್ಯಾಸವನ್ನು ಮೆಚ್ಚಿದವರಿಗೆ ಇದು ನಷ್ಟವೇ ಹೌದು, ಆದರೆ ಎರಡೆರಡು ಸಲ ಟೆಕ್ಸ್ಚರ್ ತುಂಬಿಸಿ ಸಣ್ಣ ಯಂತ್ರದ ಮೆಮೊರಿ ಕಟ್ಟಿಹಾಕುವುದು ಅದಕ್ಕಿಂತ ದೊಡ್ಡ ನಷ್ಟ.

ಆಯ್ಕೆಯ ಚೌಕದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹಳಬರ ಜಾಣತನ ಅಲ್ಲಿದೆ. ಮೌಸ್ ಎಳೆದು ಹಲವು ಬ್ರಷ್‌ಗಳನ್ನು ಒಟ್ಟಿಗೆ ಹಿಡಿಯುವಾಗ ತೆಳ್ಳನೆಯ ಚೌಕವೊಂದು ಮೂಡುತ್ತದಲ್ಲ, ಹಳೆಯ ಕೋಡ್ ಅದನ್ನು ಪಿಕ್ಸೆಲ್‌ಗಳ ಬಣ್ಣ ತಿರುವಿ ಬಿಡಿಸುತ್ತಿತ್ತು. ಅದೇ ಜಾಗದಲ್ಲಿ ಇನ್ನೊಮ್ಮೆ ತಿರುವಿದರೆ ಮೊದಲಿನ ಬಣ್ಣವೇ ಮರಳುತ್ತದೆ. ಅಂದರೆ ಚೌಕ ಅಳಿಸಲು ದೃಶ್ಯವನ್ನು ಮತ್ತೆ ಬಿಡಿಸುವ ಅಗತ್ಯವೇ ಇಲ್ಲ. ನಿಧಾನದ ಯಂತ್ರಗಳ ಕಾಲಕ್ಕೆ ಒಪ್ಪುವ ಉಪಾಯ. ಜಿಟಿಕೆ 3ರಲ್ಲಿ ಹೀಗೆ ತಿರುವುವ ಜಿಡಿಕೆ (ಜಿಟಿಕೆಯ ಕೆಳಪದರ) ಸಾಧನವೇ ಇಲ್ಲ, ‘ಈಗ ಬಿಡಿಸು’ ಎನ್ನುವ ಡ್ರಾ ಸಿಗ್ನಲ್‌ನ ಹೊರಗೆ ಬಿಡಿಸಿದ್ದು ನಿಲ್ಲುವುದೂ ಇಲ್ಲ.

ಮೊದಲು ಮಾಡಿದ್ದು ಮೌಸ್ ಅಲುಗಿದಾಗಲೆಲ್ಲ ಇಡೀ ದೃಶ್ಯವನ್ನು ಅಲ್ಲೇ ಬಿಡಿಸುವುದು. ಸಾಮಾನ್ಯ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ಸುದ್ದಿ ಕಳಿಸುತ್ತದೆ, ಪರದೆ ಬದಲಾಗುವುದು 60 ಸಲ. ಅರ್ಧಕ್ಕಿಂತ ಹೆಚ್ಚಿನ ದುಡಿಮೆ ವ್ಯರ್ಥ, ಹಳೆಯ ಇಂಟೆಲ್ ಚಿಪ್‌ನಲ್ಲಿ ಚೌಕ ಮೌಸ್‌ನ ಹಿಂದೆ ತೆವಳುತ್ತ ಬರುತ್ತಿತ್ತು. ಕೊನೆಗೆ ನಿಂತ ಪರಿಹಾರ ಹೀಗೆ: ಜಿಎಲ್ ಏರಿಯಾವನ್ನು ಓವರ್‌ಲೇ ವಿಜೆಟ್‌ನೊಳಗೆ ಇಟ್ಟು, ಅದರ ಮೇಲೆ ಖಾಲಿ ಡ್ರಾಯಿಂಗ್ ಏರಿಯಾ ಹೊದಿಸಿ, ಚೌಕವನ್ನು ಎರಡು ಆಯಾಮದ ಚಿತ್ರ ಬಿಡಿಸುವ ಕೈರೊ ಲೈಬ್ರರಿಯಿಂದ ಅಲ್ಲಿ ಬಿಡಿಸುವುದು. ಜಿಎಲ್ ಏರಿಯಾದ ತಾನಾಗಿ ಬಿಡಿಸುವ ಗುಣವನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಅದು ತನ್ನ ಫ್ರೇಮ್‌ಬಫರ್‌ನಲ್ಲಿರುವ ಹಿಂದಿನ ಚಿತ್ರವನ್ನೇ ಮತ್ತೆ ತೋರಿಸುತ್ತದೆ, ಕೋಟೆಯನ್ನು ಮತ್ತೆ ಲೆಕ್ಕಹಾಕುವುದಿಲ್ಲ. ಮೇಲಿನ ಪದರಕ್ಕೆ ಕ್ಲಿಕ್‌ಗಳನ್ನು ಕೆಳಕ್ಕೆ ಬಿಡು ಎಂಬ ಗುಣ ಹಚ್ಚಲು ಮರೆಯಬಾರದು. ಮರೆತರೆ ಚೌಕ ಚೆಂದ ಕಾಣುತ್ತದೆ, ಒಂದು ಬ್ರಷ್ಷೂ ಕೈಗೆ ಸಿಗುವುದಿಲ್ಲ.

ದಟ್ಟ ಪಿಕ್ಸೆಲ್‌ನ ಪರದೆ ಇರುವವರಿಗೆ ಒಂದು ಸೂಚನೆ: ಜಿಎಲ್ ಏರಿಯಾ ತನ್ನ ಗಾತ್ರವನ್ನು ನಿಜವಾದ ಪಿಕ್ಸೆಲ್‌ಗಳಲ್ಲಿ ಹೇಳುತ್ತದೆ, ಮೌಸ್ ತನ್ನ ಜಾಗವನ್ನು ಜಿಟಿಕೆಯ ಲೆಕ್ಕದಲ್ಲಿ ಹೇಳುತ್ತದೆ. ಸ್ಕೇಲ್ 2 ಇದ್ದರೆ (ಜಿಟಿಕೆಯ ಒಂದಕ್ಕೆ ಎರಡು ಪಿಕ್ಸೆಲ್) ಕೆಳಗಿನ ಬಲ ಮೂಲೆಯಲ್ಲಿ ಕ್ಲಿಕ್ ಮಾಡಿದರೆ ನಡುವಿನ ಬ್ರಷ್ ಹಿಡಿಯುತ್ತದೆ. ಮೌಸ್‌ನ ಅಂಕೆಗಳನ್ನು ಸ್ಕೇಲ್‌ನಿಂದ ಗುಣಿಸಬೇಕು, ಅದೂ ಒಂದೇ ಜಾಗದಲ್ಲಿ.

ಕ್ಯಾಮೆರಾ ತಿರುಗಿಸುವಾಗ ಹಳೆಯ ಕೋಡ್ ಮೌಸ್ ಬಾಣವನ್ನು ಪ್ರತಿ ಸಲ ಮೊದಲಿದ್ದ ಜಾಗಕ್ಕೆ ಎಳೆದು ಹಾಕುತ್ತದೆ, ಎಷ್ಟು ತಿರುಗಿದರೂ ಪರದೆಯ ಅಂಚು ತಾಗದಿರಲಿ ಎಂದು. ಲಿನಕ್ಸ್‌ನಲ್ಲಿ ಪರದೆ ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಜಿಟಿಕೆ 3 ಹೀಗೆ ಎಳೆಯಲಾರದು. ಕ್ಯಾಮೆರಾ ಸ್ವಲ್ಪ ತಿರುಗಿ ಗೋಡೆಗೆ ಒರಗಿದಂತೆ ನಿಲ್ಲುತ್ತದೆ. ಸದ್ಯಕ್ಕೆ ಹಳೆಯ ವ್ಯವಸ್ಥೆಯಾದ ಎಕ್ಸ್ 11ರ ಬ್ಯಾಕೆಂಡ್ ಆರಿಸಿ, ಅಂಥ ಪ್ರೋಗ್ರಾಂಗಳನ್ನು ವೇಲ್ಯಾಂಡ್‌ನಲ್ಲಿ ನಡೆಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡಿಸುತ್ತೇವೆ. ಅಲ್ಲೂ ಒಂದು ಕ್ರಮವಿದೆ: ಮೊದಲು ಬಾಣವನ್ನು ಮರೆಮಾಡಬೇಕು, ಆಮೇಲೆ ಎಳೆಯಬೇಕು. ಬಾಣ ಕಾಣುತ್ತಿದ್ದಾಗ ಎಳೆದರೆ ಎಕ್ಸ್‌ವೇಲ್ಯಾಂಡ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ನಮ್ಮ ಕಡೆಯವರಿಗೆ ಮೊದಲು ತಾಗುವ ತೊಡಕು. ಇಲ್ಲಿನ ಯಂತ್ರಗಳಲ್ಲಿ ಇಂಗ್ಲಿಷ್, ಕನ್ನಡ, ಮಲಯಾಳ ಮೂರೂ ಕೀಲಿಮಣೆ ವಿನ್ಯಾಸಗಳಿರುತ್ತವೆ. ಎಂಟಿಟಿಗೆ (ಮ್ಯಾಪ್‌ನಲ್ಲಿಟ್ಟ ದೀಪ, ಬಾಗಿಲಿನಂಥ ವಸ್ತುವಿಗೆ) ಕನ್ನಡದಲ್ಲಿ ಸಂದೇಶ ಬರೆದು ಮ್ಯಾಪ್‌ಗೆ ಮರಳಿದರೆ ಶಾರ್ಟ್‌ಕಟ್‌ಗಳು ಸತ್ತಿರುತ್ತವೆ. ರೇಡಿಯಂಟ್‌ನಲ್ಲಿ ಕ್ಯಾಮೆರಾ ಮೇಲೇರಲು ಡಿ ಕೀಲಿ, ಕೆಳಗಿಳಿಯಲು ಸಿ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಡಿ ಕೀಲಿ ಕೊಡುವುದು ಅರ್ಧಾಕ್ಷರದ ಚಿಹ್ನೆಯನ್ನು, ಸಿ ಕೊಡುವುದು ‘ಮ’ವನ್ನು. ಎಡಿಟರ್ ಕೇಳುತ್ತಿರುವುದು ಅಕ್ಷರವನ್ನು, ಆದ್ದರಿಂದ ಗುರುತು ಹಿಡಿಯುವುದಿಲ್ಲ. ಕೀಲಿ ಒತ್ತಿದ ಸುದ್ದಿಯಲ್ಲಿ ಯಂತ್ರದ ಕೀಲಿ ಸಂಖ್ಯೆಯೂ ಇರುತ್ತದೆ. ಅದನ್ನು ಜಿಡಿಕೆಯ ಕೀಮ್ಯಾಪ್‌ಗೆ ಕೊಟ್ಟು, ಮೊದಲ ವಿನ್ಯಾಸದಲ್ಲಿ ಇದು ಯಾವ ಅಕ್ಷರ ಎಂದು ಕೇಳಿ, ಆ ಉತ್ತರವನ್ನು ಶಾರ್ಟ್‌ಕಟ್ ಪಟ್ಟಿಗೆ ಹೋಲಿಸಿದೆವು. ಇಂಗ್ಲಿಷ್ ಮೊದಲ ವಿನ್ಯಾಸವಾಗಿ ಇರಬೇಕೆಂಬುದಷ್ಟೇ ಷರತ್ತು. ಒತ್ತಿದ್ದಕ್ಕೂ ಬಿಟ್ಟದ್ದಕ್ಕೂ ಇದೇ ದಾರಿ ಇರಲಿ. ಒತ್ತುವಾಗ ಒಂದು, ಬಿಡುವಾಗ ಇನ್ನೊಂದು ಲೆಕ್ಕ ಹಾಕಿದರೆ ನಡುವೆ ವಿನ್ಯಾಸ ಬದಲಿಸಿದವರ ಕ್ಯಾಮೆರಾ ನಿಲ್ಲದೆ ಆಕಾಶಕ್ಕೆ ಏರುತ್ತ ಹೋಗುತ್ತದೆ.

ಕನ್ನಡ ಅಕ್ಷರಗಳನ್ನು ನೋಟದೊಳಗೆ ತೋರಿಸುವುದು ಬೇರೆಯೇ ಕೆಲಸ. ಹಳೆಯ ಕೋಡ್ 256 ಅಕ್ಷರಚಿತ್ರಗಳನ್ನು ಮೊದಲೇ ತಯಾರಿಸಿಟ್ಟು, ಒಂದು ಬೈಟಿಗೆ ಒಂದು ಚಿತ್ರ ಎಂದು ಅಂಟಿಸುತ್ತಿತ್ತು. ‘ಚಂದ್ರಗಿರಿ’ ಎಂಬುದು ಯೂನಿಕೋಡ್‌ನಲ್ಲಿ 9 ಸಂಕೇತ, ಯುಟಿಎಫ್-8ರಲ್ಲಿ ತಲಾ ಮೂರರಂತೆ 27 ಬೈಟು. ಪರದೆಯಲ್ಲಿ ಮೂಡುವುದು ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಎ (à), ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೆ ಎ. 256ನ್ನು ಎಷ್ಟು ಹಿಗ್ಗಿಸಿದರೂ ಸರಿಹೋಗದು, ಏಕೆಂದರೆ ‘ದ್ರ’ದ ಒತ್ತು ಕೂರಬೇಕಾದ್ದು ಅಕ್ಷರದ ಪಕ್ಕದಲ್ಲಲ್ಲ, ಕೆಳಗೆ. ಇಡೀ ಹೆಸರನ್ನು ಪಠ್ಯ ಮೂಡಿಸುವ ಪ್ಯಾಂಗೊ ಲೈಬ್ರರಿಗೆ ಕೊಡಬೇಕು, ಒತ್ತು ಗುಣಿತಗಳನ್ನು ಅದು ಬಳಸುವ ಹಾರ್ಫ್‌ಬಝ್ ಜೋಡಿಸುತ್ತದೆ, ಬಂದ ಚಿತ್ರವನ್ನು ಟೆಕ್ಸ್ಚರ್ ಮಾಡಿ ನೋಟದಲ್ಲಿ ಇಡಬೇಕು. ಹೆಸರು ಬದಲಾದಾಗ ಮಾತ್ರ ಹೊಸದಾಗಿ ಮಾಡಿದರೆ ಸಾಕು.

ಓದುವ ಕಡೆಯಲ್ಲೂ ಒಂದು ಹೊಂಡವಿದೆ. ಕ್ವೇಕ್ ಕಾಲದ ಪಾರ್ಸರ್‌ಗಳು (ಫೈಲ್ ಓದಿ ಪದಗಳಾಗಿ ಬಿಡಿಸುವ ಕೋಡ್) 32 ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಬೈಟನ್ನೆಲ್ಲ ಖಾಲಿ ಜಾಗವೆಂದು ದಾಟುತ್ತವೆ. ಇಂಟೆಲ್ ಯಂತ್ರಗಳಲ್ಲಿ ಒಂದು ಬೈಟು ಹಿಡಿಯುವ ಚಾರ್ ಎಂಬುದು ಚಿಹ್ನೆಸಹಿತ, ಅಂದರೆ 127 ದಾಟಿದ ಬೆಲೆ ಋಣವಾಗುತ್ತದೆ. ಕನ್ನಡದ ಪ್ರತಿ ಅಕ್ಷರದ ಮೊದಲ ಬೈಟು 224, ಅಲ್ಲಿ ಅದು ಮೈನಸ್ 32 ಆಗುತ್ತದೆ. ಉಳಿದೆರಡು ಬೈಟೂ ಋಣವೇ. ಉದ್ಧರಣ ಚಿಹ್ನೆಯೊಳಗಿನ ಸಂದೇಶಕ್ಕೆ ತೊಂದರೆಯಿಲ್ಲ, ಚಿಹ್ನೆಯಿಲ್ಲದೆ ಬರುವ ಟೆಕ್ಸ್ಚರ್ ಹೆಸರು ‘ಮುರಕಲ್ಲು’ ಎಂದಿದ್ದರೆ ಪಾರ್ಸರ್‌ಗೆ ಅಲ್ಲಿ ಏನೂ ಕಾಣುವುದಿಲ್ಲ. ಮುಂದಿನ ಅಂಕೆಯನ್ನೇ ಹೆಸರೆಂದುಕೊಂಡು, ಆ ಸಾಲಿನ ಉಳಿದದ್ದೆಲ್ಲ ಒಂದು ಮನೆ ಸರಿಯುತ್ತದೆ. ಅದೇ ಕೋಡ್ ರಾಸ್ಪ್‌ಬೆರಿ ಪೈ ಮೇಲೆ ಸರಿಯಾಗಿ ಓಡುತ್ತದೆ, ಆರ್ಮ್‌ನ ಲಿನಕ್ಸ್‌ನಲ್ಲಿ ಚಾರ್ ಚಿಹ್ನೆರಹಿತ. ಹೋಲಿಸುವ ಮುನ್ನ ಬೈಟನ್ನು ಚಿಹ್ನೆರಹಿತಕ್ಕೆ ತಿರುಗಿಸುವುದು ಮದ್ದು. ಹಾಗಿದ್ದರೂ ಟೆಕ್ಸ್ಚರ್ ಫೈಲ್‌ಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ ಎನ್ನುತ್ತೇವೆ. ಮ್ಯಾಪ್ ಈ ಎಡಿಟರ್‌ನಿಂದ ಹೊರಟು ಕಂಪೈಲರ್, ಆಟದ ಎಂಜಿನ್, ಬೇರೆಯವರ ಯಂತ್ರ ಎಲ್ಲವನ್ನೂ ದಾಟಬೇಕು, ದಾರಿಯಲ್ಲಿ ಎಲ್ಲೋ ಒಂದು ಹಳೆಯ ಪಾರ್ಸರ್ ಕಾಯುತ್ತಿರುತ್ತದೆ.

ಪ್ರತಿ ದೊಡ್ಡ ಬದಲಾವಣೆಯ ನಂತರ ಕೊನೆಯ ಪರೀಕ್ಷೆ, ಮ್ಯಾಪನ್ನು ಆಟಕ್ಕೆ ಸಿದ್ಧಮಾಡುವ ಕ್ಯು3ಮ್ಯಾಪ್2 ಕಂಪೈಲರ್‌ನದು: ಮೊದಲು ಬಿಎಸ್‌ಪಿ (ಜಾಗದ ವಿಭಜನೆ), ಆಮೇಲೆ ವಿಸ್ (ಎಲ್ಲಿಂದ ಏನು ಕಾಣುತ್ತದೆ), ಆಮೇಲೆ ಲೈಟ್ (ಬೆಳಕು). ಕಂಪೈಲರ್ ತನ್ನ ಮಾತುಗಳನ್ನು ಅದೇ ಯಂತ್ರದ 39000ನೇ ಪೋರ್ಟ್ ಮೂಲಕ ಎಡಿಟರ್‌ಗೆ ಹೇಳುತ್ತದೆ, ಹಾಗಾಗಿ ಹಳೆಯದು ಹೊಸದು ಎರಡು ಎಡಿಟರ್ ಒಟ್ಟಿಗೆ ತೆರೆದು ಹೋಲಿಸಬೇಡಿ, ಉತ್ತರ ಯಾರಿಗೆ ಹೋಯಿತೆಂದು ಹುಡುಕಬೇಕಾದೀತು. ಇಳಿಜಾರು ದಾರಿ ಗೋಪುರಕ್ಕೆ ಸೇರುವ ಮೂಲೆಯ ಒಂದು ಬ್ರಷ್ಷನ್ನು ಬೇಕೆಂದೇ ಒಂದು ಗ್ರಿಡ್ ಹಿಂದಕ್ಕೆ ಎಳೆದು, ಅದರ ಹಿಂದಿನ ಆಕಾಶದ ಬ್ರಷ್ಷನ್ನೂ ತೆಗೆದು ಕಂಪೈಲ್ ಮಾಡುತ್ತೇವೆ. ಮ್ಯಾಪ್ ಸೋರಬೇಕು, ಅಂದರೆ ಒಳಗಿನಿಂದ ಹೊರಗಿನ ಶೂನ್ಯಕ್ಕೆ ಸಂದಿ ಇದೆಯೆಂದು ಕಂಪೈಲರ್ ಹೇಳಬೇಕು, ಸೋರಿಕೆಯ ಕೆಂಪು ಗೆರೆ ಆಟಗಾರ ಹುಟ್ಟುವ ಜಾಗದಿಂದ ಹೊರಟು ಆ ಸಂದಿಯಿಂದ ಹೊರಬೀಳಬೇಕು. ಗೆರೆ ಅಲ್ಲೇ ಹಾದರೆ ಓದುವುದು, ಬಿಡಿಸುವುದು, ಕಂಪೈಲರ್ ಜೊತೆಗಿನ ಮಾತು ಮೂರೂ ಸರಿಯಿವೆ. ಎರಡೂ ಬದಲಾವಣೆಗಳನ್ನು ಅನ್‌ಡೂ ಮಾಡಿ ಉಳಿಸಿ, ಡಿಫ್ ಹಾಕಿ, ಖಾಲಿ ಬಂದರೆ ಕಮಿಟ್ ಒಳಗೆ. ಲೆಗಸಿ ಗುರುತು ತೆಗೆದುಹಾಕಲು ಗ್ರಿಡ್ ನೋಟದ ಗೆರೆಗಳನ್ನು ವರ್ಟೆಕ್ಸ್ ಬಫರ್‌ಗೆ (ಬಿಂದುಗಳನ್ನು ಇಡುವ ಗ್ರಾಫಿಕ್ಸ್ ಮೆಮೊರಿಗೆ) ಸಾಗಿಸುವ ಕೆಲಸ ಈಗ ನಡೆಯುತ್ತಿದೆ, ಕ್ಯಾಮೆರಾ ನೋಟದ ಸರದಿ ಅದರ ನಂತರ.